ಎಲೆ ಕಚ್ಚಿದ ಸೊಸೆ, ಮೇಕೆಗೆ ಬಂದ ರೋಗ

ಒಂದಾನೊಂದು ಊರು. ಊರು ಅಂದಮೇಲೆ ಬಾವಿ ಇರಬೇಕು, ಬಾವಿ ಅಂದಮೇಲೆ ಹಗ್ಗ ಇರಬೇಕು, ಹಗ್ಗ ಅಂದಮೇಲೆ ಅದನ್ನು ಹಿಡಿದು ಜಗಳ ಆಡುವವರು ಇರಬೇಕು. ಎಲ್ಲಾ ಇತ್ತಂತೆ. ಊರ ಹೆಸರು ಚಿಗರೆಕೊಪ್ಪಲು. ನಾನು ಕಣ್ಣಲ್ಲಿ ಕಂಡವಳಲ್ಲ, ನಮ್ಮಜ್ಜಿ ಹೇಳಿದ್ದು. ಅವಳೂ ಕಂಡವಳಲ್ಲ. ನೀವು ಮಾತ್ರ ನಡುನಡುವೆ ಹೂಂ ಅನ್ನುತ್ತಿರಬೇಕು. ಹೂಂ ಅನ್ನುವವರಿಲ್ಲದೆ ಕತೆ ಹೇಳಬಾರದು ಅಂತ ನಮ್ಮಜ್ಜಿಯ ಕಟ್ಟಪ್ಪಣೆ. ಈ ಕತೆಗಂತೂ ಹೂಂ ಬೇಕೇ ಬೇಕು. ಯಾಕೆ ಅಂತ ಕೊನೆಗೆ ನಿಮಗೇ ತಿಳಿಯುತ್ತದೆ.

ಆ ಊರಲ್ಲಿ ಮಾಲಿಂಗಪ್ಪ ಅಂತ ಒಬ್ಬ ಪಂಡಿತ ಇದ್ದನಂತೆ. ಪಂಡಿತ ಅಂದರೆ ಪುರಾಣ ಓದುವವನಲ್ಲ, ನಾಡಿ ಹಿಡಿದು ಔಷಧಿ ಕೊಡುವವನು. ಕೈಗುಣ ಒಳ್ಳೆಯದು, ಮನಸ್ಸೂ ಕೆಟ್ಟದ್ದಲ್ಲ. ಸುತ್ತ ಏಳು ಹಳ್ಳಿಯ ಜನ ಅವನ ಜಗಲಿಗೆ ಬರುತ್ತಿದ್ದರು. ಸೋಮವಾರ ಮನುಷ್ಯರಿಗೆ, ಗುರುವಾರ ದನಕರು ಕುರಿಮೇಕೆಗಳಿಗೆ.

ಆದರೆ ಆ ಜಗಲಿಯಲ್ಲಿ ಒಂದು ಪದ್ಧತಿ ಇತ್ತು. ಕಾಯಿಲೆಯವರು ಬಾಯಿ ಬಿಡುವ ಹಾಗಿಲ್ಲ. ಮೆಟ್ಟಿಲ ಹತ್ತಿರ ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟಿರುತ್ತಿದ್ದರು. ಕಾಯಿಲೆಯವರು ಒಂದೆಲೆ ತೆಗೆದು ತುಟಿಯ ನಡುವೆ ಕಚ್ಚಿಕೊಂಡು ಕೂರಬೇಕು. ಜೊತೆಗೆ ಬಂದ ಮನೆಯ ಹಿರಿಯರು ರೋಗ ಹೇಳಬೇಕು. ಮಗುವಿಗೆ ಅಪ್ಪ ಹೇಳಬೇಕು, ಸೊಸೆಗೆ ಅತ್ತೆ ಹೇಳಬೇಕು, ಅತ್ತೆಗೆ ಅವಳ ಗಂಡನೋ ಮಗನೋ ಹೇಳಬೇಕು. ಎಲೆ ಬಿದ್ದರೆ ಔಷಧಿಯ ಶಕ್ತಿ ಹೋಯಿತು ಅಂತ ಲೆಕ್ಕ.

ಯಾಕೆ ಹೀಗೆ ಅಂತ ಕೇಳಿದರೆ ಅದಕ್ಕೂ ಒಂದು ಕತೆ. ಮಾಲಿಂಗಪ್ಪನ ಮುತ್ತಾತನ ಕಾಲದಲ್ಲಿ ಒಬ್ಬ ಪಾಳೇಗಾರನಿಗೆ ಜ್ವರ ನೆತ್ತಿಗೇರಿತಂತೆ. "ಮಜ್ಜಿಗೆ ಅನ್ನ ಬೇಕು, ಕೊಡದಿದ್ದರೆ ತಲೆ ತೆಗೆಸುತ್ತೇನೆ" ಅಂತ ಕೂಗಾಡಿದ. ಮುತ್ತಾತ ಹೆದರಿ ಕೊಟ್ಟ. ಪಾಳೇಗಾರ ಬೆಳಗಾಗುವುದರೊಳಗೆ ತೀರಿಹೋದ. ಅವನ ಮಗ ಮುತ್ತಾತನ ತಲೆ ಬೋಳಿಸಿ ಊರು ಬಿಡಿಸಿದ. ಅವತ್ತು ಮುತ್ತಾತ ಒಂದು ಮಾತು ಹೇಳಿದ: "ರೋಗಿಯ ಬಾಯಿ ಬಾಯಲ್ಲ, ಅದು ರೋಗದ ಬಾಯಿ. ಅದರ ಮಾತು ಕೇಳಿದೋನು ಕೆಟ್ಟ." ಆ ಮಾತು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದು ಜಗಲಿಯ ಮೇಲೆ ಕಲ್ಲಿನಂತೆ ಕೂತಿತ್ತು. ಯಾವನೋ ಒಬ್ಬ ಜ್ವರದಲ್ಲಿ ಬಡಬಡಿಸಿದ್ದಕ್ಕೆ ಏಳು ಹಳ್ಳಿಯ ಬಾಯಿಗೆ ಬೀಗ. ಹೂಂ ಅನ್ನಿ.

ಈಗ ದೇವೀರಮ್ಮನ ವಿಷಯಕ್ಕೆ ಬರೋಣ. ಅದೇ ಊರಿನ ನಿಂಗಾಜಮ್ಮನ ಮಗ ಬೊಮ್ಮಣ್ಣ, ಅವನ ಹೆಂಡತಿ ದೇವೀರಮ್ಮ. ಚುರುಕಿನ ಹೆಣ್ಣು. ಮದುವೆಯಾಗಿ ಬಂದ ಹೊಸದರಲ್ಲಿ ಎರಡು ಕೊಡ ಸೊಂಟಕ್ಕೊಂದು ತಲೆಗೊಂದು ಇಟ್ಟುಕೊಂಡು ಹಾಡು ಹೇಳಿಕೊಂಡು ಬರುತ್ತಿದ್ದಳಂತೆ. ಅಂಥವಳು ಬರಬರುತ್ತಾ ಸೊರಗಿದಳು. ಒಂದು ಕೊಡ ಎತ್ತಿದರೆ ಕಣ್ಣು ಕತ್ತಲೆ. ಕೈಕಾಲು ತಣ್ಣಗೆ, ಮುಖ ಸುಣ್ಣ ಬಳಿದ ಹಾಗೆ. ಬೀಸುವ ಕಲ್ಲಿನ ಮುಂದೆ ಕೂತಲ್ಲೇ ತೂಕಡಿಕೆ.

ಆಗಿದ್ದೇನು ಅಂದರೆ, ಅತ್ತೆ ತನ್ನ ಮಗಳ ಬಾಣಂತನಕ್ಕೆ ಹೋಗಿದ್ದಾಗ ದೇವೀರಮ್ಮನಿಗೆ ಮೂರು ತಿಂಗಳ ಬಸಿರು ಇಳಿದುಹೋಗಿತ್ತು. ಬಸುರಿ ಅಂತಲೇ ಇನ್ನೂ ಯಾರಿಗೂ ಹೇಳಿರಲಿಲ್ಲ, ಇಳಿದದ್ದನ್ನು ಹೇಗೆ ಹೇಳುತ್ತಾಳೆ? ಒಬ್ಬಳೇ ಅತ್ತಳು, ಒಬ್ಬಳೇ ಕಣ್ಣೊರೆಸಿಕೊಂಡಳು. ಆಮೇಲೆ ರಕ್ತ ಹೋಗುವುದು ನಿಲ್ಲಲೇ ಇಲ್ಲ. ಇವತ್ತು ನಿಂತೀತು, ನಾಳೆ ನಿಂತೀತು ಅಂತ ಕಾದಳು. ಆ ಮನೆಯಲ್ಲಿ ಮುಟ್ಟಾದ ಹೆಂಗಸು ಹಿತ್ತಲ ಗುಡಿಸಲಲ್ಲಿ ಕೂರಬೇಕು. ಹೇಳಿದರೆ ಗುಡಿಸಲಲ್ಲೇ ಬಾಳುವೆ ಆಗುತ್ತದೆ ಅಂತ ಹೆದರಿ ಮುಚ್ಚಿಟ್ಟಳು. ಹೇಳಿಕೊಳ್ಳಲಾರದ ನೋವು ಹೇಳಿಕೊಳ್ಳುವ ನೋವಿನ ಎರಡರಷ್ಟು, ಅಲ್ಲವೇ?

ನಿಂಗಾಜಮ್ಮ ಕೆಟ್ಟವಳಲ್ಲ. ಸೊಸೆ ಸೊರಗಿದ್ದು ನೋಡಿ ತಾನೇ ಕೈ ಹಿಡಿದು ಪಂಡಿತನ ಜಗಲಿಗೆ ಕರೆದುಕೊಂಡು ಹೋದಳು. ದೇವೀರಮ್ಮ ಎಲೆ ಕಚ್ಚಿ ಕೂತಳು.

"ಏನವ್ವಾ ತೊಂದರೆ?" ಅಂದ ಪಂಡಿತ, ಅತ್ತೆಯ ಕಡೆ ನೋಡಿ.

"ಶೀತ, ಬುದ್ಧಿ. ಮೈಯೆಲ್ಲಾ ತಣ್ಣಗೆ ಅದೆ. ಸದಾ ನಿದ್ದೆ. ಊಟ ಸೇರಕ್ಕಿಲ್ಲ."

ಪಂಡಿತ ಮುಖ ನೋಡದೆ ಮಣಿಕಟ್ಟು ಹಿಡಿದ, ನಾಡಿ ನೋಡಿದ. ಸೊರಗಿದ ನಾಡಿ. ಅತ್ತೆ ಹೇಳಿದ್ದಕ್ಕೂ ನಾಡಿಗೂ ಹೊಂದಿತು. "ಶೀತವೇ" ಅಂದ. ಮೆಣಸು, ಹಿಪ್ಪಲಿ, ಚಿತ್ರಮೂಲ ಹಾಕಿ ಉಷ್ಣದ ಕಷಾಯ ಕಟ್ಟಿಕೊಟ್ಟ. ಅತ್ತೆ ದಿನಾ ಬೆಳಿಗ್ಗೆ ಮುಂದೆ ನಿಂತು ಕುಡಿಸಿದಳು. ಕುಡಿದಷ್ಟೂ ರಕ್ತ ಹೆಚ್ಚಾಯಿತು. ಉರಿಯೋ ಒಲೆಗೆ ಸೌದೆ ಒಟ್ಟಿದ ಹಾಗಾಯಿತು.

ಮತ್ತೆ ಹೋದರು. "ಗುಣ ಕಾಣ್ಲಿಲ್ಲ ಬುದ್ಧಿ" ಅಂದಳು ಅತ್ತೆ. "ಶೀತ ಆಳಕ್ಕಿಳಿದಿದೆ" ಅಂತ ಪಂಡಿತ ಕಷಾಯ ಗಟ್ಟಿ ಮಾಡಿಕೊಟ್ಟ. ಮೂರನೇ ಸಲ ಹೋದರು. ಇನ್ನೂ ಗಟ್ಟಿ ಮಾಡಿದ. ಆ ಸಲ ದೇವೀರಮ್ಮನಿಗೆ ತಡೆಯಲಾಗಲಿಲ್ಲ. ಬಾಯಿಂದ ಎಲೆ ತೆಗೆದು, "ಬುದ್ಧಿ, ಅದು ಶೀತ ಅಲ್ಲ" ಅಂದುಬಿಟ್ಟಳು.

ಪಂಡಿತ ಮುಖ ತಿರುಗಿಸಿ, ಚೊಂಬಿನ ನೀರು ತೆಗೆದು ಎರಡೂ ಕಿವಿ ತೊಳೆದುಕೊಂಡ. "ಕರಕೊಂಡು ಹೋಗವ್ವಾ. ರೋಗ ಮಾತಾಡ್ತಾ ಅದೆ" ಅಂದ. ಅತ್ತೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಾರಿಯುದ್ದಕ್ಕೂ ಬೈದಳು. ಬೈದು ಮುಗಿಸಿ, "ನೀನು ಸತ್ತೋದ್ರೆ ನಾನೇನ್ ಮಾಡ್ಲಿ" ಅಂತ ತಾನೇ ಅತ್ತಳು.

ದೇವೀರಮ್ಮ ಅಳಲಿಲ್ಲ. ದಾರಿಬದಿಯ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ಯೋಚನೆ ಮಾಡಿದಳು. ಬಾಯಿ ಇಲ್ಲದೆ ಸಾಯೋದು ದೈವೇಚ್ಛೆ. ಬಾಯಿ ಇಟ್ಟುಕೊಂಡು ಸಾಯೋದು ಪೆದ್ದುತನ. ನಾನು ಸಾಯಲ್ಲ ಅಂದುಕೊಂಡಳಂತೆ. ಹೂಂ ಅನ್ನಿ.

ಮೊದಲು ಗಂಡನನ್ನು ಹಿಡಿದಳು. ಗದ್ದೆಗೆ ಬುತ್ತಿ ತೆಗೆದುಕೊಂಡು ಹೋದಾಗ, ಬದುವಿನ ಮೇಲೆ ಕೂರಿಸಿ, ಒಂದೂ ಬಿಡದೆ ಎಲ್ಲಾ ಹೇಳಿದಳು. ಬೊಮ್ಮಣ್ಣ ಮುದ್ದೆ ಕೈಯಲ್ಲೇ ಹಿಡಿದುಕೊಂಡು ಕೇಳಿದ. ಪಾಪ, ಅವನ ಕಣ್ಣಲ್ಲೂ ನೀರು ಬಂತು.

"ಇಷ್ಟೊಂದು ಒಬ್ಬಳೇ ನುಂಗ್ಕೊಂಡಿದ್ಯಾ?"

"ಈಗ ನೀವು ಉಗುಳ್ರಿ. ಪಂಡಿತರ ಹತ್ರ ಹೋಗಿ ನಾನು ಹೇಳ್ದಂಗೇ ಹೇಳ್ರಿ" ಅಂದಳು.

ಹೋದ. ಜಗಲಿ ತುಂಬ ಜನ. ಮಾವನ ಕಡೆಯವರು, ಭಾವನ ಕಡೆಯವರು, ಊರ ಗೌಡ. ಹೆಂಗಸರ ವಿಷಯ ಗಂಡಸು ಬಾಯಲ್ಲಿ ಆಡುವುದು ಹೇಗೆ? ಅವನ ಕಿವಿ ಕೆಂಪಾಯಿತು. "ಏನಪ್ಪಾ?" ಅಂತ ಪಂಡಿತ ಕೇಳಿದರೆ, "ನಮ್ಮನೇಲಿ ಒಸಿ ಸುಸ್ತು" ಅಂದ. ಕಷಾಯದ ಇನ್ನೊಂದು ಗಂಟು ಕೈಗೆ ಬಂತು. ಹುಲಿಯ ಎದುರು ನಿಂತವನು ಬೊಮ್ಮಣ್ಣ, ಹಂದಿಗೆ ಹೆದರದವನು ಬೊಮ್ಮಣ್ಣ. ಒಂದು ಮಾತಿನ ಮುಂದೆ ಮಣ್ಣಾದ. ಅವನನ್ನು ನೋಡಿ ದೇವೀರಮ್ಮ ನಕ್ಕುಬಿಟ್ಟಳಂತೆ. ನಗದೆ ಇನ್ನೇನು ಮಾಡುತ್ತಾಳೆ?

ಹೀಗಿರುವಾಗ ಒಂದು ಗುರುವಾರ ಅವಳು ಪಂಡಿತನ ಮನೆ ಮುಂದೆ ಹಾದುಹೋಗುತ್ತಿದ್ದಳು. ಪಕ್ಕದ ಮನೆಯವನು ಎತ್ತು ಹೊಡೆದುಕೊಂಡು ಬಂದಿದ್ದ. ನೋಡುತ್ತಾಳೆ, ಸೋಮವಾರ ಗೋಡೆಗೆ ಒರಗಿ ಕೂರುವ ಪಂಡಿತ ಇವತ್ತು ಅಂಗಳಕ್ಕಿಳಿದು ಕುಕ್ಕರುಗಾಲಲ್ಲಿ ಕೂತಿದ್ದಾನೆ. ಎತ್ತಿನ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು ನೀವುತ್ತಾ ಕೇಳುತ್ತಿದ್ದಾನೆ. "ಯಾವತ್ತಿಂದ ಮೇವು ಬಿಟ್ಟ? ಸಗಣಿ ಎಂಗದೆ? ಯಾವ ಮಗ್ಗುಲಿಗೆ ಮಲಗ್ತಾನೆ? ಹೊಸಬ ಜೊತೆಗಾರ ಬಂದ್ನಾ? ಯಾರಾದ್ರೂ ಹೊಡೆದ್ರಾ?" ಕೇಳಿದ್ದೂ ಕೇಳಿದ್ದೇ. ಎತ್ತಿನವನು ಹೇಳಿ ಹೇಳಿ ಸುಸ್ತಾದ. "ಬಾಯಿಲ್ಲದ ಜೀವಕ್ಕೆ ನೂರು ಪ್ರಶ್ನೆ ಕೇಳು ಅಂತ ನನ್ನ ಗುರು ಹೇಳವ್ರೆ" ಅಂದ ಪಂಡಿತ.

ದೇವೀರಮ್ಮ ಅಲ್ಲೇ ನಿಂತಳು. ನೂರು ಪ್ರಶ್ನೆ. ನನಗೆ ಒಂದೂ ಕೇಳಲಿಲ್ಲವಲ್ಲ ಅನ್ನಿಸಿ ಹೊಟ್ಟೆ ಉರಿಯಿತು. ಎತ್ತಿನ ಮೇಲೆ ಅಸೂಯೆ ಪಟ್ಟವಳು ಆ ಊರಲ್ಲಿ ಅವಳೊಬ್ಬಳೇ ಇರಬೇಕು. ಮನೆಗೆ ಬರುವ ಹೊತ್ತಿಗೆ ಅವಳ ತಲೆಯಲ್ಲಿ ಒಂದು ಉಪಾಯ ಕೂತಿತ್ತು.

ಮುಂದಿನ ಗುರುವಾರ ಅತ್ತೆ ಸಂತೆಗೆ ಹೋದಳು. ದೇವೀರಮ್ಮ ಕೊಟ್ಟಿಗೆಯ ಮೇಕೆಯನ್ನು ಬಿಚ್ಚಿದಳು. ಆ ಮೇಕೆಯ ಹೆಸರು ಮುತ್ತಿ. ಗುಂಡು ಗುಂಡಗೆ, ಹೊಳೆಹೊಳೆಯುತ್ತಾ, ಬೇಲಿ ಕಂಡರೆ ಬೇಲಿ ತಿನ್ನುವ, ಸೀರೆ ಕಂಡರೆ ಸೀರೆ ತಿನ್ನುವ ಮೇಕೆ. ಊರಲ್ಲಿ ಅದರಷ್ಟು ಆರೋಗ್ಯವಾಗಿ ಇದ್ದ ಜೀವ ಇನ್ನೊಂದಿರಲಿಲ್ಲ. ದೇವೀರಮ್ಮ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಹತ್ತು ಹೆಜ್ಜೆಗೊಮ್ಮೆ ಕೂತು, ಕೂತಲ್ಲಿಂದ ಎದ್ದು, ಪಂಡಿತನ ಅಂಗಳ ಸೇರಿದಳು.

"ನನ್ನ ಮೇಕೆಗೆ ಉಸಾರಿಲ್ಲ ಬುದ್ಧಿ."

ಪಂಡಿತ ಅಂಗಳಕ್ಕಿಳಿದು ಕುಕ್ಕರುಗಾಲಲ್ಲಿ ಕೂತ. "ಹೇಳು ತಾಯಿ. ಏನಾಗದೆ?"

ಏನಾಗದೆ ಅಂತ ಕೇಳಿದ್ದಷ್ಟೇ. ದೇವೀರಮ್ಮ ಮುತ್ತಿಯ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಇಷ್ಟು ದಿನ ಆ ಒಂದು ಮಾತಿಗೆ ಕಾದಿದ್ದಳಲ್ಲ. ಹೇಳಲು ಶುರು ಮಾಡಿದಳು.

"ಸುಸ್ತು ಬುದ್ಧಿ. ನಾಲ್ಕು ಹೆಜ್ಜೆ ಇಟ್ರೆ ಕಣ್ಣು ಕತ್ತಲೆ."

"ಎಷ್ಟು ಸೂಲಾಗದೆ?"

"ಒಂದೂ ಇಲ್ಲ. ಚೊಚ್ಚಲು, ದಿನ ತುಂಬೋಕೆ ಮುಂಚೇನೇ ಕಂದು ಹಾಕ್ತು. ಉಗಾದಿಗೆ ಮುಂಚೆ."

"ಆಮೇಲೆ?"

"ಆಮೇಲೆ ರಕ್ತ ನಿಂತೇ ಇಲ್ಲ. ಒಂದೊಂದಿನ ಕಡಿಮೆ, ಒಂದೊಂದಿನ ಜಾಸ್ತಿ. ಸೊಂಟ ಕಿತ್ಕೊಂಡು ಬತ್ತದೆ. ಕೆಳಹೊಟ್ಟೆ ಎಡಗಡೆ ಹಿಂಡ್ತದೆ."

ಎಡಗಡೆ ಹಿಂಡುತ್ತದೆ ಅಂತ ಮೇಕೆ ಹೇಗೆ ಹೇಳಿತು ಅಂತ ನೀವು ಕೇಳಬಹುದು. ಪಂಡಿತನಿಗೆ ಹೊಳೆಯಲಿಲ್ಲ. ಅವನು ಕೇಳುವುದರಲ್ಲಿ ಮುಳುಗಿಹೋಗಿದ್ದ. "ನೀರು ಕುಡಿತದಾ?" "ಕುಡಿತದೆ." "ಮಂದೆಗೆ ಸೇರ್ತದಾ?" "ಸೇರ್ತದೆ, ಆದ್ರೆ ಮಂದೆಯೊಳಗೂ ಒಂಟಿಯಾಗೇ ಇರ್ತದೆ." "ಕೂಗ್ತದಾ?" "ಕೂಗಕ್ಕಿಲ್ಲ ಬುದ್ಧಿ. ಹಿತ್ತಲಿಗೆ ಹೋಗಿ ಯಾರಿಗೂ ಕಾಣದಂಗೆ ಅಳ್ತದೆ." ಮುತ್ತಿ ಅಷ್ಟರಲ್ಲಿ ಪಂಡಿತನ ಹೆಗಲ ವಸ್ತ್ರದ ತುದಿ ಹಿಡಿದು ಅಗಿಯುತ್ತಿತ್ತು.

"ಔಷಧಿ ಏನಾದ್ರೂ ಕೊಟ್ರಾ?"

"ಒಬ್ಬ ಪಂಡಿತರು ಕೊಟ್ರು. ಶೀತ ಅಂದ್ರು. ಮೆಣಸು, ಹಿಪ್ಪಲಿ, ಚಿತ್ರಮೂಲ. ಮತ್ತೆ ಮತ್ತೆ ಗಟ್ಟಿ ಮಾಡಿ ಕೊಟ್ರು."

ಪಂಡಿತನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ರಕ್ತ ಹೋಗೋ ಜೀವಕ್ಕೆ ಚಿತ್ರಮೂಲವಾ? ಯಾವನವ್ವ ಆ ಕಟುಕ? ಇನ್ನು ಹದಿನೈದು ದಿನ ಕೊಟ್ರೆ ಪ್ರಾಣ ಹೋಯ್ತದೆ. ರಕ್ತ ಹೋಯ್ತದಾ ಅಂತ ಒಂದು ಮಾತು ಕೇಳಲಿಲ್ವಾ ಅವನು?"

"ಕೇಳಲಿಲ್ಲ ಬುದ್ಧಿ" ಅಂದಳು ದೇವೀರಮ್ಮ. ಮೆಲ್ಲಗೆ ಅಂದಳು.

ಆಗಲೇ ಮುತ್ತಿಯ ಕಣ್ಣಿಗೆ ಜಗಲಿಯ ಮೇಲಿದ್ದ ವೀಳ್ಯದೆಲೆಯ ತಟ್ಟೆ ಬಿತ್ತು. ಚಂಗನೆ ನೆಗೆಯಿತು. ಹಗ್ಗ ಹಿಡಿದಿದ್ದ ದೇವೀರಮ್ಮ ತೂರಾಡಿ ಬೀಳುವ ಹಾಗಾದಳು. ಪಂಡಿತ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದ. ಹಿಡಿದವನು ಬಿಡಲಿಲ್ಲ. ಆ ಹೆಂಗಸಿನ ಮುಖ ಅವನು ಯಾವತ್ತೂ ನೋಡಿದವನಲ್ಲ, ದನಿ ಕೇಳಿದ್ದು ಒಂದೇ ಒಂದು ಮಾತು, ಅದನ್ನೂ ನೀರು ಹಾಕಿ ತೊಳೆದಿದ್ದ. ಆದರೆ ಬೆರಳಿಗೆ ನೆನಪಿರುತ್ತದಲ್ಲ. ಸೊರಗಿದ ನಾಡಿ, ನಡುವೆ ನಡುವೆ ತಡವರಿಸುವ ನಾಡಿ. ಬೆರಳು ಗುರುತು ಹಿಡಿಯಿತು. ಒಮ್ಮೆ ಅವಳ ಬಿಳುಚಿದ ಉಗುರು ನೋಡಿದ, ಒಮ್ಮೆ ತಟ್ಟೆ ಖಾಲಿ ಮಾಡುತ್ತಿದ್ದ ಮೇಕೆಯನ್ನು ನೋಡಿದ. ಕಟುಕ ಯಾರು ಅಂತ ಅವನಿಗೆ ಗೊತ್ತಾಯಿತು.

"ತಾಯಿ, ಈ ನಾಡಿ ನಾನು ಮೂರು ಸಲ ಹಿಡಿದಿದೀನಿ."

ದೇವೀರಮ್ಮ ಕೈ ಬಿಡಿಸಿಕೊಂಡಳು. "ನಂಗೇನೂ ಗೊತ್ತಿಲ್ಲ ಬುದ್ಧಿ. ನಾನು ನನ್ನ ರೋಗ ಹೇಳ್ಲಿಲ್ಲ, ನಿಮ್ಮ ಪದ್ಧತಿ ಮುರೀಲಿಲ್ಲ. ಮೇಕೆಗೆ ಉಸಾರಿಲ್ಲ ಅಂದೆ. ಮೇಕೆಗೆ ಔಷಧಿ ಕೊಡಿ."

ಪಂಡಿತ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಅತ್ತಿಯ ತೊಗಟೆ, ಮುಟ್ಟಿದರೆ ಮುನಿಯ ಬೇರು, ಇನ್ನೂ ಏನೇನೋ ತಂಪಿನ ಸಾಮಾನು ಇತ್ತು. ಹೇಗೆ ಅರೆಯಬೇಕು, ಯಾವಾಗ ಕುಡಿಯಬೇಕು, ಏನು ತಿನ್ನಬಾರದು, ಎಲ್ಲಾ ನಿಧಾನವಾಗಿ ಹೇಳಿದ. ಕೊನೆಗೆ, "ನಿನ್ನ ಮೇಕೆಗೆ ಹೇಳವ್ವಾ, ಮೊದಲು ಔಷಧಿ ಕೊಟ್ಟೋನು ತಪ್ಪು ಮಾಡ್ದ ಅಂತ" ಅಂದ.

ಬೇರೆಯವಳಾಗಿದ್ದರೆ ಅಷ್ಟಕ್ಕೇ ಕರಗಿ ಮನೆಗೆ ಹೋಗುತ್ತಿದ್ದಳು. ದೇವೀರಮ್ಮ ನಿಂತೇ ಇದ್ದಳು.

"ಮೇಕೆ ಔಷಧಿ ಮೇಕೆ ಕುಡಿತದೆ ಬುದ್ಧಿ. ಆದ್ರೆ ಮನೇಲಿ ಅತ್ತೆಮ್ಮ ಸೊಸೆಗೆ ದಿನಾ ನಿಮ್ಮ ಕಷಾಯ ಕುಡಿಸ್ತಾವ್ರೆ. ನಿಮ್ಮ ಮಾತೇ ಅವರಿಗೆ ದೇವರ ಮಾತು. ಅದನ್ನ ನಿಲ್ಸೋರು ಯಾರು? ಊರಲ್ಲಿ ಎಲ್ಲಾರ ಹತ್ರಾನೂ ಮೇಕೆ ಇಲ್ಲ. ಮೇಕೆ ಇಲ್ದೋರು ಸಾಯ್ಬೇಕಾ?"

ಪಂಡಿತ ಬಗ್ಗಿ ಖಾಲಿ ತಟ್ಟೆ ಎತ್ತಿಕೊಂಡ.

"ಸೋಮವಾರ ಬತ್ತೀನಿ. ಎಲೆ ಕಚ್ಕೊಂಡೇ ಕೂರ್ತೀನಿ" ಅಂದು ಅವಳು ಮುತ್ತಿಯನ್ನು ಎಳೆದುಕೊಂಡು ಹೊರಟಳು.

ಆ ನಾಲ್ಕು ದಿನ ದೇವೀರಮ್ಮ ಅತ್ತೆ ಕುಡಿಸಿದ ಕಷಾಯವನ್ನು ಬಾಯಲ್ಲಿ ಹಿಡಿದುಕೊಂಡು ಹೋಗಿ ಹಿತ್ತಲ ನುಗ್ಗೆಮರದ ಬುಡಕ್ಕೆ ಉಗಿದಳು. ಆ ನುಗ್ಗೆಮರ ಎರಡು ವರ್ಷ ಕಾಯಿ ಬಿಡಲಿಲ್ಲವಂತೆ. ಮೇಕೆಯ ಔಷಧಿಯನ್ನು ಕೊಟ್ಟಿಗೆಯಲ್ಲಿ ಕೂತು ತಾನು ಕುಡಿದಳು. ಅಲ್ಲಿ ಪಂಡಿತನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಮುತ್ತಾತನ ಬೋಳುತಲೆ, ಕಣ್ಣು ಬಿಟ್ಟರೆ ಆ ಹೆಣ್ಣಿನ ಬಿಳುಚಿದ ಉಗುರು. ಎಷ್ಟು ಜನಕ್ಕೆ ಹೀಗೆ ಕೊಟ್ಟೆನೋ, ಎಷ್ಟು ಜನ ಎಲೆ ಕಚ್ಚಿಕೊಂಡೇ ಮಣ್ಣಾದರೋ ಅಂತ ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟ.

ಸೋಮವಾರ ಬಂತು. ಜಗಲಿ ತುಂಬ ಜನ. ನಿಂಗಾಜಮ್ಮ ಸೊಸೆಯನ್ನು ಕರೆದುಕೊಂಡು ಬಂದಳು, ಹಿಂದೆ ಬೊಮ್ಮಣ್ಣನೂ ಬಂದ. ದೇವೀರಮ್ಮ ತಟ್ಟೆಯಿಂದ ಎಲೆ ತೆಗೆದು ಕಚ್ಚಿದಳು. ಕಚ್ಚಿ, ಪಂಡಿತನ ಮುಖವನ್ನೇ ನೋಡುತ್ತಾ ಕೂತಳು. ಒಂದು ಸಲವೂ ರೆಪ್ಪೆ ತಗ್ಗಿಸಲಿಲ್ಲ.

"ಇವಳಿಗೆ ಶೀತ ಬುದ್ಧಿ..." ಅಂತ ಶುರು ಮಾಡಿದಳು ಅತ್ತೆ.

ಪಂಡಿತ ಎದ್ದು ನಿಂತ. "ಎಲೆ ತೆಗಿಯವ್ವಾ" ಅಂದ.

ಜನಕ್ಕೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಊರ ಗೌಡ ಕೇಳಿದ, "ಏನ್ ಪಂಡಿತ್ರೇ, ಹಿರೀಕರ ಮಾತು ಮೀರ್ತೀರಾ?"

"ಹಿರೀಕರು ಒಂದು ಸಲ ಕೇಳಿ ಕೆಟ್ರು ಗೌಡ್ರೇ. ನಾನು ಕೇಳ್ದೆ ಕೆಟ್ಟಿದೀನಿ, ಎಷ್ಟು ಸಲವೋ ದೇವರಿಗೇ ಗೊತ್ತು. ಹೆಂಗಸರ ವಿಷಯ, ನೀವೆಲ್ಲಾ ಒಸಿ ಬೇವಿನಮರದ ಕಡೆ ಹೋಗಿ" ಅಂದ ಪಂಡಿತ. ಗಂಡಸರು ಗೊಣಗುತ್ತಾ ಎದ್ದು ಹೋದರು. ಎಲ್ಲರಿಗಿಂತ ಮುಂದೆ ಓಡಿದವನು ಬೊಮ್ಮಣ್ಣ.

ಆಮೇಲೆ ಪಂಡಿತ ತಟ್ಟೆಯಿಂದ ಒಂದೆಲೆ ತೆಗೆದ. ಸುಣ್ಣ ಸವರಿದ, ಅಡಿಕೆ ಇಟ್ಟ, ಮಡಿಸಿ ತನ್ನ ಬಾಯಿಗೇ ಹಾಕಿಕೊಂಡ. ಇನ್ನೊಂದು ಮಡಿಸಿ ನಿಂಗಾಜಮ್ಮನ ಕೈಗೆ ಕೊಟ್ಟ. ಅವಳು ಕಕ್ಕಾಬಿಕ್ಕಿಯಾಗಿ ಬಾಯಿಗಿಟ್ಟುಕೊಂಡಳು. ಬಾಯಿ ತುಂಬ ಎಲೆ ತುಂಬಿಕೊಂಡವರು ಮಾತಾಡುವ ಹಾಗಿಲ್ಲ. ಪಂಡಿತ ಅಂಗಳಕ್ಕಿಳಿದು ಕುಕ್ಕರುಗಾಲಲ್ಲಿ ಕೂತು, ಕೈಸನ್ನೆ ಮಾಡಿದ. ಹೇಳು ಅಂತ.

ದೇವೀರಮ್ಮ ಹೇಳಿದಳು. ಈ ಸಲ ಮೇಕೆಯ ಹೆಸರು ಹೇಳಲಿಲ್ಲ. ನನ್ನ ಬಸಿರು, ನನ್ನ ರಕ್ತ, ನನ್ನ ನೋವು ಅಂದಳು. ನಡುವೆ ಪಂಡಿತ "ಹೂಂ" ಅಂದ. ಇನ್ನಷ್ಟು ಹೇಳಿದಳು. "ಹೂಂ" ಅಂದ. ಅವನಿಂದ ಅಷ್ಟೇ ಹೊರಡುತ್ತಿದ್ದದ್ದು. ಆ ಹೂಂ ಹಿಡಿದುಕೊಂಡು ಅವಳು ಬುಡದ ತನಕ ಇಳಿದಳು, ಇಳಿದು ಎಲ್ಲಾ ಮೇಲೆ ತಂದು ಹಾಕಿದಳು. ನಿಂಗಾಜಮ್ಮ ಅಗಿಯುವುದು ನಿಲ್ಲಿಸಿದ್ದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಕೊನೆಗೆ ತಾಳಲಾರದೆ ಎಲೆ ಉಗಿದು ಕೇಳಿದಳು.

"ನಂಗ್ಯಾಕೆ ಹೇಳ್ಲಿಲ್ಲ ಮಗ?"

"ಹೇಳಿದ್ರೆ ಗುಡಿಸಲಿಗೆ ಹಾಕ್ತಿದ್ರಿ ಅತ್ತೆಮ್ಮ."

ನಿಂಗಾಜಮ್ಮ ಸುಳ್ಳು ಹೇಳುವವಳಲ್ಲ. "ಹಾಕ್ತಿದ್ದೆ" ಅಂದಳು. "ಹಾಕಿ, ಜೊತೆಗೆ ನಾನೂ ಬಂದು ಮಲಗ್ತಿದ್ದೆ." ಅಂದು ಸೊಸೆಯನ್ನು ತಬ್ಬಿಕೊಂಡಳು. ಅವತ್ತೇ ಮನೆಗೆ ಹೋಗಿ ಕಷಾಯದ ಗಂಟನ್ನು ತಿಪ್ಪೆಗೆ ಎಸೆದಳಂತೆ. ಇನ್ನು ಅಲ್ಲಿ ಯಾರೂ ಕೂರುವ ಹಾಗಿಲ್ಲ ಅಂತ ಗುಡಿಸಲಿಗೆ ಸೌದೆ ತುಂಬಿಸಿದಳಂತೆ.

ಅತ್ತಿತೊಗಟೆಯ ಕಷಾಯ ಕುಡಿದು ದೇವೀರಮ್ಮನ ರಕ್ತ ನಿಂತಿತು. ಮುಖಕ್ಕೆ ಬಣ್ಣ ಬಂತು. ಮೊದಲು ಒಂದು ಕೊಡ ಎತ್ತಿದಳು, ದೀಪಾವಳಿ ಹೊತ್ತಿಗೆ ಎರಡು ಕೊಡ ಎತ್ತಿದಳು, ಸಂಕ್ರಾಂತಿ ಹೊತ್ತಿಗೆ ಹಾಡು ಶುರುವಾಯಿತು. ಮರುವರ್ಷ ಮಗು ಆಯಿತೇ ಅಂತ ನೀವು ಕೇಳುತ್ತೀರಿ. ಆಯಿತಂತೆ. ಆಗದಿದ್ದರೂ ಅವಳು ಬದುಕಿದ್ದಳಲ್ಲ, ಕತೆಗೆ ಅಷ್ಟು ಸಾಕು.

ಮುಂದಿನ ಸೋಮವಾರ ನಿಂಗಾಜಮ್ಮ ಒಬ್ಬಳೇ ಜಗಲಿಗೆ ಬಂದಳು. "ನಂದೂ ಒಂದದೆ ಬುದ್ಧಿ. ಮದುವೆಯಾದಾಗಿಂದ ಅದೆ, ಯಾರೂ ಕೇಳಿರ್ಲಿಲ್ಲ" ಅಂತ ಶುರು ಮಾಡಿದಳು. ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಪಂಡಿತ ಒಂದು ಕಟ್ಟು ಎಲೆ ಖಾಲಿ ಮಾಡಿದ. ಹೂಂ ಅಂದೂ ಅಂದೂ ಅವನ ದವಡೆ ಊದಿಕೊಂಡಿತಂತೆ.

ಅವತ್ತಿನಿಂದ ಆ ಜಗಲಿಯ ಪದ್ಧತಿ ಬದಲಾಯಿತು. ಎಲೆಯ ತಟ್ಟೆ ಮೆಟ್ಟಿಲ ಹತ್ತಿರದಿಂದ ಪಂಡಿತನ ಪಕ್ಕಕ್ಕೆ ಬಂತು. ಕಾಯಿಲೆಯವರು ಬಂದು ಕೂತರೆ ಮೊದಲು ಪಂಡಿತ ಎಲೆ ಹಾಕಿಕೊಳ್ಳಬೇಕು. ಬಾಯಲ್ಲಿ ಎಲೆ ಇರುವ ತನಕ ಮಾತು ಅವರದು, ಹೂಂ ಅವನದು. ಎಲೆ ಮುಗಿದ ಮೇಲೆ ನೂರು ಪ್ರಶ್ನೆ. ಆಮೇಲೆ ನಾಡಿ, ಆಮೇಲೆ ಔಷಧಿ. ಮುತ್ತಿ ಮೇಕೆಗೆ ಗುರುವಾರ ಆ ಜಗಲಿ ಏರಲು ಯಾರ ಅಪ್ಪಣೆಯೂ ಬೇಕಿರಲಿಲ್ಲವಂತೆ. ಅದು ಬಂದರೆ ಪಂಡಿತ ತಾನೇ ಎದ್ದು ಒಂದು ಹಿಡಿ ಎಲೆ ಕೊಡುತ್ತಿದ್ದನಂತೆ.

ಅವರು ಅಲ್ಲಿ ಎಲೆ ಹಾಕಿಕೊಂಡು ಕೂತಿದ್ದಾರೆ, ನಾವು ಇಲ್ಲಿ ಕತೆ ಕೇಳಿಕೊಂಡು ಕೂತಿದ್ದೇವೆ. ಹೂಂ ಅಂದವರ ಮನೆಯಲ್ಲಿ ಹಾಲುಕ್ಕಲಿ. ಹೂಂ ಅನ್ನದವರ ಮನೆಗೆ ಮುತ್ತಿ ನುಗ್ಗಲಿ.